ಮಳೆಗಾಲಕ್ಕೆ ಮುನ್ನ ಹಳೆಯ ಕಾರಿನ ಕಿಟಕಿ, ಸನ್‌ರೂಫುಗಳ ದುರಸ್ತಿ

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಬೆಳೆಗಾರರ ಮನೆಯಂಗಳದಲ್ಲಿ ಜೀಪಿನ ಪಕ್ಕಕ್ಕೆ ಒಂದು ಕಾರೂ ನಿಂತಿರುವುದು ಇಂದು ಸಾಮಾನ್ಯ. ಇವುಗಳಲ್ಲಿ ಅನೇಕ ಕಾರುಗಳು ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಹಲವು ವರ್ಷ ಓಡಿ, ಎರಡನೆಯ ಅಥವಾ ಮೂರನೆಯ ಮಾಲೀಕರಾಗಿ ನಮ್ಮ ಕೈಗೆ ಬಂದಂಥವು. ಇಂಜಿನ್ನು, ಬ್ರೇಕು, ಟಯರುಗಳ ಬಗ್ಗೆ ನಾವು ವಹಿಸುವ ಕಾಳಜಿಯನ್ನು ಕಿಟಕಿಗಳ ಬಗ್ಗೆ ವಹಿಸುವುದಿಲ್ಲ. ಇಳಿಸಿದ ಗಾಜು ಮೇಲೇರದೆ ನಿಂತಾಗ ಮಾತ್ರ ಅದರ ನೆನಪಾಗುತ್ತದೆ. ಅದು ಹಾಗೆ ನಿಲ್ಲುವುದು ಹೆಚ್ಚಾಗಿ ಆರಿದ್ರೆ, ಪುನರ್ವಸು ಮಳೆಗಳ ನಡುವೆಯೇ.

ಇದಕ್ಕೆ ಕಾರಣವುಂಟು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಹುಲಿಕಲ್, ಮಾಸ್ತಿಕಟ್ಟೆಗಳ ಕಡೆಯ ಮಳೆಯೂ ಅದಕ್ಕೆ ಸಾಟಿಯಾದದ್ದೇ. ಆನಂದಪುರದ ಸುತ್ತ ಅಷ್ಟಿಲ್ಲದಿದ್ದರೂ ಇಲ್ಲಿಂದ ರಿಪ್ಪನ್‌ಪೇಟೆ ದಾಟಿ ಹೊಸನಗರದ ಕಡೆಗೋ ತೀರ್ಥಹಳ್ಳಿಯ ಕಡೆಗೋ ಹೊರಟವರಿಗೆ ಆ ಮಳೆ ತಪ್ಪಿದ್ದಲ್ಲ. ಬೇಸಿಗೆಯ ಕೆಮ್ಮಣ್ಣಿನ ಧೂಳು ಕಿಟಕಿಯ ರಬ್ಬರಿನೊಳಗೆ ಸೇರಿ ಕುಳಿತಿರುತ್ತದೆ. ಮಳೆ ಬಿದ್ದೊಡನೆ ಅದೇ ಧೂಳು ಕೆಸರಾಗಿ ಗಾಜನ್ನು ಹಿಡಿಯುತ್ತದೆ. ತಿಂಗಳುಗಟ್ಟಲೆ ಆರದ ತೇವದಿಂದ ಸ್ವಿಚ್ಚಿನ ತಾಮ್ರಕ್ಕೆ ಕಿಲುಬು ಏರುತ್ತದೆ. ಆಗ ಪೇಟೆಗೆ ಓಡಿದರೆ, ಅವಸರದಲ್ಲಿ, ಕೆಟ್ಟಿರದ ಮೋಟಾರನ್ನೇ ಬದಲಿಸಿಕೊಂಡು ಬರುವ ಸಂಭವ ಹೆಚ್ಚು.

ಈ ಲೇಖನದಲ್ಲಿ ನಾವು ಮುಖ್ಯವಾಗಿ ಹೇಳಬಯಸುವುದು ಒಂದೇ ಮಾತು. ಗಾಜು ಏರದಿದ್ದರೆ ಮೊದಲು ಸಂಶಯಪಡಬೇಕಾದದ್ದು ಫ್ಯೂಸು, ಸ್ವಿಚ್ಚು, ವೈರು ಮತ್ತು ಕೊಳೆಯನ್ನು, ಮೋಟಾರನ್ನು ಕಟ್ಟಕಡೆಗೆ. ಸನ್‌ರೂಫ್ ಸೋರಿದರೆ ಮೊದಲು ನೋಡಬೇಕಾದದ್ದು ನೀರು ಬಸಿದುಹೋಗುವ ಕೊಳವೆಗಳನ್ನು, ರಬ್ಬರನ್ನು ಆಮೇಲೆ. ಈ ಕ್ರಮವನ್ನು ತಿಳಿದರೆ ಅರ್ಧ ಕೆಲಸವನ್ನು ಮನೆಯಲ್ಲೇ ಮಾಡಬಹುದು. ಉಳಿದರ್ಧಕ್ಕೆ ಎಲೆಕ್ಟ್ರಿಷಿಯನ್ನರ ಬಳಿಗೆ ಹೋದಾಗಲೂ ಏನು ಕೆಟ್ಟಿದೆಯೆಂದು ಖಚಿತವಾಗಿ ಹೇಳಬಹುದು.

ಕಿಟಕಿ ಕೆಲಸ ಮಾಡುವ ಬಗೆ

1940ರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಂಪೆನಿಯು ತನ್ನ ದುಬಾರಿ ಕಾರುಗಳಲ್ಲಿ, ದ್ರವದ ಒತ್ತಡದಿಂದ ಗಾಜನ್ನು ಏರಿಸಿಳಿಸುವ ಏರ್ಪಾಡನ್ನು ತಂದಿತು. ಬಳಿಕ ಪ್ರತಿ ಬಾಗಿಲಿಗೊಂದು ಸಣ್ಣ ವಿದ್ಯುತ್ ಮೋಟಾರು ಇಡುವ ಪದ್ಧತಿ ರೂಢಿಗೆ ಬಂತು. ನಮ್ಮಲ್ಲಿ 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಾರಿನಲ್ಲಿ ಗಾಜನ್ನು ಕೈಹಿಡಿ ತಿರುಗಿಸಿಯೇ ಏರಿಸಬೇಕಿತ್ತು. 1998ರ ಹೋಂಡಾ ಸಿಟಿ, 2002ರ ಸ್ಕಾರ್ಪಿಯೋ, 2005ರ ಇನ್ನೋವಾ ಮೊದಲಾದವುಗಳ ಕಾಲಕ್ಕೆ ಸ್ವಿಚ್ಚಿನ ಕಿಟಕಿ ಸಾಮಾನ್ಯ ಜನರ ಕೈಗೂ ಬಂತು. ಇಂದು ನಮ್ಮ ಬಳಿ ಹಳೆಯ ಕಾರೆಂದು ಇರುವಂಥವು ಹೆಚ್ಚಾಗಿ ಈ ಕಾಲದವೇ.

ಬಾಗಿಲಿನ ಒಳಗೆ 12 ವೋಲ್ಟಿನ ಒಂದು ಮೋಟಾರು, ಅದರ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಹಲ್ಲುಚಕ್ರ, ಮತ್ತು ಗಾಜನ್ನು ಹೊತ್ತು ಏರಿಳಿಸುವ ರೆಗ್ಯುಲೇಟರ್ ಇರುತ್ತವೆ. ಕೆಲವು ಕಾರುಗಳ ರೆಗ್ಯುಲೇಟರ್ ಕತ್ತರಿಯಂತೆ ಮಡಚಿಕೊಳ್ಳುವ ಕಬ್ಬಿಣದ ತೋಳುಗಳದ್ದು. ಇನ್ನು ಕೆಲವುಗಳದ್ದು ಬಾವಿಯ ರಾಟೆಯಂತೆ ತಂತಿ ಹಗ್ಗದ ಮೇಲೆ ಓಡುವಂಥದು. ಮೋಟಾರಿಗೆ ಎರಡು ವೈರು. ಒಂದರಲ್ಲಿ ಕರೆಂಟು ಬಂದರೆ ಗಾಜು ಏರುತ್ತದೆ, ಇನ್ನೊಂದರಲ್ಲಿ ಬಂದರೆ ಇಳಿಯುತ್ತದೆ. ಈ ಅದಲುಬದಲು ಮಾಡುವುದೇ ಸ್ವಿಚ್ಚಿನ ಕೆಲಸ.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಅನೇಕ ಕಾರುಗಳಲ್ಲಿ ಉಳಿದ ಮೂರು ಬಾಗಿಲುಗಳ ಕರೆಂಟೂ ಡ್ರೈವರ್ ಬಾಗಿಲಿನ ದೊಡ್ಡ ಸ್ವಿಚ್ಚಿನ ಮೂಲಕವೇ ಹಾದುಹೋಗುತ್ತದೆ. ಆದುದರಿಂದ ಹಿಂದಿನ ಎಡಗಡೆಯ ಕಿಟಕಿ ಕೆಟ್ಟರೆ ದೋಷವು ಮುಂದಿನ ಬಲಗಡೆಯ ಸ್ವಿಚ್ಚಿನಲ್ಲಿರುವುದು ಆಶ್ಚರ್ಯವಲ್ಲ. ಹಿಂದಿನ ಕಿಟಕಿಗಳನ್ನು ತಡೆಯುವ ಲಾಕ್ ಬಟನ್ನೂ ಅಲ್ಲೇ ಇದೆ. ಯಾರದೋ ಮೊಣಕೈ ತಗುಲಿ ಅದು ಒತ್ತಿಹೋಗಿದೆಯೇ ಎಂದು ಎಲ್ಲಕ್ಕಿಂತ ಮೊದಲು ನೋಡತಕ್ಕದ್ದು.

ಸದ್ದು ಕೇಳಿ ದೋಷ ಗುರುತಿಸುವುದು

ಅಡಿಕೆಯನ್ನು ಕಚ್ಚಿ ನೋಡಿ ಬೆಂದ ಹದವನ್ನು ಹೇಳುವ ನಮಗೆ ಈ ವಿದ್ಯೆ ಕಷ್ಟವಲ್ಲ. ಇಂಜಿನ್ನು ನಿಲ್ಲಿಸಿ, ಕೀಲಿಯನ್ನು ಆನ್ ಮಾಡಿ, ಸ್ವಿಚ್ಚು ಒತ್ತಿ ಬಾಗಿಲಿಗೆ ಕಿವಿಗೊಡಿ.

1. ನಾಲ್ಕೂ ಕಿಟಕಿಗಳು ಒಟ್ಟಿಗೆ ಸತ್ತಿದ್ದರೆ ದೋಷವು ಮುಖ್ಯ ಫ್ಯೂಸು, ರಿಲೇ ಅಥವಾ ಅರ್ಥ್ ವೈರಿನಲ್ಲಿರುತ್ತದೆ. ನಾಲ್ಕು ಮೋಟಾರು ಒಂದೇ ದಿನ ಸುಡುವುದಿಲ್ಲ.

2. ನಾಲ್ಕೂ ನಿಧಾನವಾಗಿದ್ದು, ಇಂಜಿನ್ನು ಚಾಲೂ ಮಾಡಿದಾಗ ಚುರುಕಾದರೆ ಬ್ಯಾಟರಿ ಸೋತಿದೆಯೆಂದು ಅರ್ಥ. ತುಂಬಿದ ಬ್ಯಾಟರಿಯು ನಿಂತ ಕಾರಿನಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. ಇಂಜಿನ್ನು ಓಡುವಾಗ ಸುಮಾರು 14 ವೋಲ್ಟ್ ಬರಬೇಕು.

3. ಒಂದು ಮಾತ್ರ ನಿಧಾನವಾಗಿದ್ದರೆ ಆ ಬಾಗಿಲಿನ ರಬ್ಬರು ಗಾಜನ್ನು ಹಿಡಿಯುತ್ತಿದೆ.

4. ಮೋಟಾರಿನ ಸದ್ದು ಬರುತ್ತದೆ, ಗಾಜು ಮಾತ್ರ ಅಲುಗುವುದಿಲ್ಲ ಎಂದಾದರೆ ತಂತಿ ಹಗ್ಗ ಕಡಿದಿದೆ, ಇಲ್ಲವೇ ಗಾಜನ್ನು ಹಿಡಿದಿರುವ ಪ್ಲಾಸ್ಟಿಕ್ ತುಂಡು ಒಡೆದಿದೆ. ಮೋಟಾರು ಚೆನ್ನಾಗಿಯೇ ಇದೆ.

5. ಇಳಿಯುತ್ತದೆ, ಏರುವುದಿಲ್ಲ ಎಂದಾದರೆ ಹೆಚ್ಚಾಗಿ ಸ್ವಿಚ್ಚಿನ ಒಂದು ಕಡೆಗೆ ಕಿಲುಬು ಹಿಡಿದಿದೆ.

6. ಯಾವ ಸದ್ದೂ ಇಲ್ಲದಿದ್ದರೆ ಫ್ಯೂಸು, ಸ್ವಿಚ್ಚು, ವೈರು, ಮೋಟಾರು ಈ ಕ್ರಮದಲ್ಲಿ ಪರೀಕ್ಷಿಸಬೇಕು.

7. ಮಕ್ಕಳು ಆಟವಾಡುತ್ತ ಹತ್ತಾರು ಸಲ ಏರಿಸಿ ಇಳಿಸಿದ ಮೇಲೆ ನಿಂತುಹೋಗಿದ್ದರೆ ಕಾಲು ಗಂಟೆ ಸುಮ್ಮನೆ ಬಿಡಿ. ಮೋಟಾರು ಬಿಸಿಯಾದಾಗ ತಾನೇ ಕರೆಂಟು ಕಡಿದುಕೊಳ್ಳುವ ಏರ್ಪಾಡು ಅನೇಕ ಕಾರುಗಳಲ್ಲಿದೆ. ತಣಿದ ಮೇಲೆ ಮತ್ತೆ ಓಡುತ್ತದೆ.

ಫ್ಯೂಸು, ಸ್ವಿಚ್ಚು, ವೈರು

ಫ್ಯೂಸು ಪೆಟ್ಟಿಗೆಯ ಮುಚ್ಚಳದ ಮೇಲೆ ಯಾವುದು ಯಾವುದಕ್ಕೆಂದು ಗುರುತು ಇರುತ್ತದೆ. ಕಿಟಕಿಯ ಫ್ಯೂಸು ಸಾಮಾನ್ಯವಾಗಿ 20ರಿಂದ 30 ಆಂಪಿಯರಿನದು. ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಹೊಸದನ್ನು ಹಾಕಿ. ಅದೂ ಸುಟ್ಟರೆ ಎಲ್ಲೋ ವೈರು ತಗಡಿಗೆ ತಾಗುತ್ತಿದೆ, ಅಥವಾ ಗಾಜು ಬಿಗಿದು ಮೋಟಾರು ಒದ್ದಾಡುತ್ತಿದೆ ಎಂದು ತಿಳಿಯಬೇಕು. ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿಯನ್ನಾಗಲಿ, ಸಿಗರೇಟು ಪ್ಯಾಕಿನ ಬೇಗಡೆಯನ್ನಾಗಲಿ ಸುತ್ತಿ ಹಾಕತಕ್ಕದ್ದಲ್ಲ. ಆಗ ಫ್ಯೂಸಿನ ಬದಲು ವೈರಿಂಗೇ ಸುಡುತ್ತದೆ.

ಸ್ವಿಚ್ಚನ್ನು ಅದರ ಚೌಕಟ್ಟಿನಿಂದ ಮೆಲ್ಲಗೆ ಎಬ್ಬಿಸಿ ಹೊರತೆಗೆಯಬಹುದು. ಪಕ್ಕದ ಬಾಗಿಲಿನ ಸ್ವಿಚ್ಚು ಅದೇ ಮಾದರಿಯದಾಗಿದ್ದರೆ ಎರಡನ್ನೂ ಅದಲುಬದಲು ಮಾಡಿ ನೋಡಿ. ದೋಷವು ಸ್ವಿಚ್ಚಿನ ಜೊತೆಗೇ ಹೋದರೆ ಕಳ್ಳ ಸಿಕ್ಕಿದಂತೆ. ಬೋರ್ಡೋ ಮಿಶ್ರಣದ ಕೈಯಲ್ಲೇ ಕಾರಿನ ಸ್ವಿಚ್ಚು ಒತ್ತುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಮೈಲುತುತ್ತವು ಲೋಹವನ್ನು ತಿನ್ನುತ್ತದೆಂಬುದು ಸ್ಪ್ರೇಯರಿನ ಕಬ್ಬಿಣದ ಭಾಗಗಳನ್ನು ಕಂಡ ನಮಗೆ ಹೊಸ ಸಂಗತಿಯಲ್ಲ. ಸ್ವಿಚ್ಚುಗಳು ಎರಡು ಸೀಟಿನ ನಡುವೆ ಇರುವ ಕಾರುಗಳಲ್ಲಿ ಚೆಲ್ಲಿದ ಕಾಫಿ, ಅದರ ಸಕ್ಕರೆಗೆ ಬಂದ ಇರುವೆಗಳೂ ಇದೇ ತೊಂದರೆಯನ್ನುಂಟುಮಾಡುತ್ತವೆ. ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರನ್ನು ಒಳಕ್ಕೆ ಸಿಂಪಡಿಸಿ, ಸ್ವಿಚ್ಚನ್ನು ಇಪ್ಪತ್ತು ಸಲ ಆಡಿಸಿ, ಚೆನ್ನಾಗಿ ಆರಿಸಿ ಜೋಡಿಸಿದರೆ ಅನೇಕ ಸ್ವಿಚ್ಚುಗಳಿಗೆ ಮತ್ತೆ ಜೀವ ಬರುತ್ತದೆ. ಪೆಟ್ರೋಲಿನಿಂದ ತೊಳೆಯಬಾರದು, ಪ್ಲಾಸ್ಟಿಕ್ಕು ಕೆಡುವುದಲ್ಲದೆ ಒಂದು ಕಿಡಿ ಸಾಕು.

ಮೂರನೆಯದು ವೈರು. ಬಾಗಿಲಿಗೂ ಕಂಬಕ್ಕೂ ನಡುವೆ, ಹಿಂಜಿನ ಬಳಿ, ಮಡಿಕೆ ಮಡಿಕೆಯಾದ ರಬ್ಬರು ಕೊಳವೆಯೊಂದಿದೆ. ಬಾಗಿಲು ತೆಗೆದು ಮುಚ್ಚಿದಾಗಲೆಲ್ಲ ಅದರೊಳಗಿನ ವೈರುಗಳು ಮಣಿಯುತ್ತವೆ. ಸಾವಿರಾರು ಸಲ ಮಣಿದ ಮೇಲೆ ಹೊರಗಿನ ಹೊದಿಕೆ ಸರಿಯಾಗಿದ್ದರೂ ಒಳಗಿನ ತಾಮ್ರ ಕಡಿದಿರುತ್ತದೆ. ಹೆಚ್ಚು ಬಳಕೆಯಾಗುವ ಡ್ರೈವರ್ ಬಾಗಿಲಿನಲ್ಲಿ ಇದು ಮೊದಲು. ಬಾಗಿಲನ್ನು ಅರೆ ತೆರೆದು, ಸ್ವಿಚ್ಚು ಒತ್ತಿಹಿಡಿದು, ಆ ಕೊಳವೆಯನ್ನು ಅಲುಗಿಸಿ. ಗಾಜು ಒಮ್ಮೆ ಓಡಿ ಒಮ್ಮೆ ನಿಂತರೆ ಜಾಗ ತಿಳಿದಂತಾಯಿತು. ಬರಿದೆ ತಿರುಚಿ ಟೇಪು ಸುತ್ತುವುದು ಒಂದು ಮಳೆಗಾಲಕ್ಕೂ ಬಾಳುವುದಿಲ್ಲ. ಸ್ವಲ್ಪ ಉದ್ದವಾದ ಹೊಸ ವೈರಿನ ತುಂಡನ್ನು, ಮಣಿಯುವ ಜಾಗದಿಂದ ಆಚೆ ಬೆಸುಗೆ ಬರುವಂತೆ ಸೇರಿಸಬೇಕು. ಕಾರು ಕೊಟ್ಟಿಗೆಯ ಪಕ್ಕದಲ್ಲೋ ಅಡಿಕೆ ಚೀಲಗಳ ಬಳಿಯೋ ನಿಲ್ಲುವುದಾದರೆ ಇಲಿ ಕಡಿದಿರುವ ಸಾಧ್ಯತೆಯನ್ನೂ ಮರೆಯಬಾರದು.

ಗಾಜು ಹಿಡಿಯುವ ರಬ್ಬರು

ಆರೋಗ್ಯವಾದ ಕಿಟಕಿ ನಾಲ್ಕೈದು ಸೆಕೆಂಡುಗಳಲ್ಲಿ ಪೂರ್ತಿ ಏರುತ್ತದೆ. ಅದಕ್ಕಿಂತ ಬಹಳ ಹೊತ್ತು ಹಿಡಿದರೆ ಮೋಟಾರು ಸುಡುವ ದಾರಿಯಲ್ಲಿದೆ ಎಂದು ತಿಳಿಯಬೇಕು. ಗಾಜನ್ನು ಪೂರ್ತಿ ಇಳಿಸಿ, ಅದು ಜಾರುವ ರಬ್ಬರಿನ ಕಾಲುವೆಯನ್ನು ತೆಳುವಾದ ಕಡ್ಡಿಗೆ ಒದ್ದೆ ಬಟ್ಟೆ ಸುತ್ತಿ ಒರೆಸಿ. ಬಟ್ಟೆಗೆ ಬರುವ ಕೆಮ್ಮಣ್ಣನ್ನು ನೋಡಿದರೆ ಮೋಟಾರಿನ ಕಷ್ಟ ಅರ್ಥವಾಗುತ್ತದೆ. ಬಟ್ಟೆ ಶುದ್ಧವಾಗಿ ಬರುವವರೆಗೆ ಒರೆಸಿ, ಆರಿಸಿ, ಸಿಲಿಕಾನ್ ಸ್ಪ್ರೇಯನ್ನು ತೆಳುವಾಗಿ ಹೊಡೆದು ಗಾಜನ್ನು ನಾಲ್ಕಾರು ಸಲ ಏರಿಳಿಸಿ.

ಇಂಜಿನ್ ಆಯಿಲ್, ಗ್ರೀಸು, ಡೀಸೆಲ್ ಮುಂತಾದವನ್ನು ಈ ರಬ್ಬರಿಗೆ ಹಚ್ಚಬಾರದು. ಅವುಗಳಿಂದ ರಬ್ಬರು ಉಬ್ಬಿ ಗಾಜನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಕೊಬ್ಬರಿ ಎಣ್ಣೆಯೂ ಬೇಡ. ಅದು ಧೂಳನ್ನು ಕರೆದು ಅಂಟಾಗುತ್ತದೆ.

ಬಾಗಿಲಿನ ಪ್ಯಾಡ್ ತೆಗೆಯುವುದು

ಇಷ್ಟಾದರೂ ಗಾಜು ಏಳದಿದ್ದರೆ ಪ್ಯಾಡ್ ತೆಗೆಯಬೇಕು. ಕೈ ಹಿಡಿಕೆಯ ಕೆಳಗೂ ಲಾಕಿನ ಹಿಡಿಯ ಹಿಂದೆಯೂ ಅಡಗಿರುವ ಸ್ಕ್ರೂಗಳನ್ನು ಬಿಚ್ಚಿ, ಸುತ್ತಲಿನ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಒಂದೊಂದಾಗಿ ಸಡಿಲಿಸಬೇಕು. ಬಲಪ್ರಯೋಗ ಬೇಡ. ಬಾಗಿಲಿನಲ್ಲಿ ಏರ್‌ಬ್ಯಾಗ್ ಇರುವ ಕಾರಾದರೆ ಈ ಕೆಲಸವನ್ನು ತಿಳಿದವರಿಗೇ ಬಿಡತಕ್ಕದ್ದು.

ಮೋಟಾರಿನ ಪ್ಲಗ್ಗನ್ನು ಕಳಚಿ, ಅದರ ಎರಡು ತುದಿಗಳಿಗೆ ಬ್ಯಾಟರಿಯಿಂದ ಫ್ಯೂಸಿನ ಮೂಲಕ ನೇರವಾಗಿ ಕರೆಂಟು ಕೊಡಿ. ಒಮ್ಮೆ ನೇರ, ಒಮ್ಮೆ ತಿರುಗಿಸಿ. ಎರಡು ಕಡೆಗೂ ಓಡಿದರೆ ಮೋಟಾರು ಸರಿಯಿದೆ, ಅದನ್ನು ಬದಲಿಸುವ ಖರ್ಚು ಉಳಿಯಿತು. ಎರಡಕ್ಕಿಂತ ಹೆಚ್ಚು ವೈರುಗಳಿರುವ ಮೋಟಾರಿನೊಳಗೆ ಎಲೆಕ್ಟ್ರಾನಿಕ್ ಭಾಗವಿರುತ್ತದೆ. ಅದಕ್ಕೆ ಈ ಪರೀಕ್ಷೆ ಮಾಡಬಾರದು. ರೆಗ್ಯುಲೇಟರ್ ಬಿಚ್ಚುವ ಮೊದಲು ಗಾಜನ್ನು ಮೇಲಕ್ಕೆತ್ತಿ, ಬಾಗಿಲಿನ ಚೌಕಟ್ಟಿಗೆ ಗಟ್ಟಿ ಟೇಪಿನಿಂದ ಬಿಗಿದು, ಬ್ಯಾಟರಿಯ ನೆಗೆಟಿವ್ ವೈರನ್ನು ತೆಗೆದಿಡಬೇಕು. ಕತ್ತರಿ ಮಾದರಿಯ ರೆಗ್ಯುಲೇಟರಿನಲ್ಲಿ ಬಲವಾದ ಸ್ಪ್ರಿಂಗ್ ಇರುತ್ತದೆ. ಮೋಟಾರನ್ನು ಬಿಚ್ಚಿದೊಡನೆ ತೋಳು ರಭಸದಿಂದ ಬಡಿದು ಬೆರಳನ್ನು ಮುರಿಯಬಲ್ಲದು. ಆ ತೋಳನ್ನು ಮೊದಲು ಬಿಗಿದು ಕಟ್ಟಿಕೊಳ್ಳದೆ ಕೈ ಹಾಕಬಾರದು.

ಪ್ಯಾಡಿನ ಹಿಂದೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಬೇಡದ ವಸ್ತುವೆಂದು ಕಿತ್ತೆಸೆಯುವವರಿದ್ದಾರೆ. ಗಾಜಿನ ಸಂದಿನಿಂದ ಬಾಗಿಲೊಳಗೆ ಇಳಿಯುವ ನೀರನ್ನು ಪ್ಯಾಡಿಗೂ ಕಾರಿನ ನೆಲಕ್ಕೂ ಬರದಂತೆ ತಡೆಯುವುದೇ ಅದು. ಹರಿದಿದ್ದರೆ ಅದೇ ಅಳತೆಯ ದಪ್ಪ ಪ್ಲಾಸ್ಟಿಕ್ ಕತ್ತರಿಸಿ ಅಂಟಿಸಿ. ಬಾಗಿಲಿನ ಕೆಳ ಅಂಚಿನ ಸಣ್ಣ ರಂಧ್ರಗಳಲ್ಲಿ ಕೆಸರು ತುಂಬಿದ್ದರೆ ಕಡ್ಡಿಯಿಂದ ತೆಗೆಯಿರಿ. ಇಲ್ಲವಾದರೆ ಬಾಗಿಲೊಳಗೆ ನೀರು ನಿಂತು ತಗಡು ತುಕ್ಕು ಹಿಡಿಯುತ್ತದೆ.

ಬ್ಯಾಟರಿ ಬದಲಿಸಿದ ಮೇಲೆ ಬರುವ ತೊಂದರೆ

ಒಂದು ಸಲ ಒತ್ತಿದರೆ ತಾನೇ ಪೂರ್ತಿ ಏರುವ ಗಾಜುಗಳು, ಬ್ಯಾಟರಿ ತೆಗೆದು ಹಾಕಿದ ಮೇಲೆ, ತಮ್ಮ ಎಲ್ಲೆಯನ್ನು ಮರೆಯುತ್ತವೆ. ಅರ್ಧಕ್ಕೆ ನಿಲ್ಲುತ್ತವೆ, ಇಲ್ಲವೇ ಏರಿ ಮತ್ತೆ ಇಳಿಯುತ್ತವೆ. ಇದು ಕೆಟ್ಟದ್ದಲ್ಲ. ಅನೇಕ ಕಾರುಗಳಲ್ಲಿ ಗಾಜನ್ನು ಪೂರ್ತಿ ಏರಿಸಿ, ಏರಿದ ಮೇಲೂ ಸ್ವಿಚ್ಚನ್ನು ಕೆಲವು ಸೆಕೆಂಡು ಹಿಡಿದೇ ಇದ್ದರೆ ಎಲ್ಲೆಯನ್ನು ಮತ್ತೆ ಕಲಿಯುತ್ತದೆ. ಸನ್‌ರೂಫಿಗೂ ಇಂಥದೇ ಕ್ರಮವಿದೆ. ನಿಮ್ಮ ಕಾರಿನ ಕೈಪಿಡಿಯಲ್ಲಿ ಸರಿಯಾದ ವಿಧಾನ ಸಿಗುತ್ತದೆ.

ಸನ್‌ರೂಫ್

ಹಿಂದೆ ದುಬಾರಿ ಕಾರುಗಳಲ್ಲಿ ಮಾತ್ರವಿದ್ದ ಮಾಡಿನ ಕಿಟಕಿಯು 2014ರ ಹೋಂಡಾ ಸಿಟಿ, 2015ರ ಎಕ್ಸ್‌ಯುವಿ 500 ಮುಂತಾದವುಗಳ ಮೇಲ್ದರ್ಜೆಯ ಮಾದರಿಗಳಲ್ಲೂ ಬಂತು. ಅವೇ ಈಗ ಹಳೆಯ ಕಾರುಗಳಾಗಿ ನಮ್ಮ ಊರುಗಳಿಗೆ ಬರುತ್ತಿವೆ.

ಇದರ ರಬ್ಬರು ನೀರನ್ನು ಪೂರ್ತಿಯಾಗಿ ತಡೆಯುತ್ತದೆಂಬುದು ತಪ್ಪು ತಿಳುವಳಿಕೆ. ರಬ್ಬರನ್ನು ದಾಟಿದ ಸ್ವಲ್ಪ ನೀರು ಸುತ್ತಲಿನ ತಟ್ಟೆಗೆ ಬೀಳಬೇಕು, ತಟ್ಟೆಯ ಮೂಲೆಗಳಿಂದ ಹೊರಟ ತೆಳು ಕೊಳವೆಗಳ ಮೂಲಕ ಕಂಬಗಳೊಳಗೆ ಇಳಿದು ಕಾರಿನ ಕೆಳಗೆ ಬಸಿಯಬೇಕು. ಅದರ ರಚನೆಯೇ ಹಾಗೆ. ಬಸಿಗಾಲುವೆ ಮುಚ್ಚಿದ ತೋಟದಲ್ಲಿ ಅಡಿಕೆ ಮರದ ಬುಡಕ್ಕೆ ನೀರು ನಿಲ್ಲುವಂತೆ, ಕೊಳವೆ ಕಟ್ಟಿಕೊಂಡರೆ ತಟ್ಟೆ ತುಂಬಿ ನೀರು ಒಳಗಿನ ದೀಪದ ಸಂದಿನಿಂದಲೋ ಕಂಬದ ಬದಿಯಿಂದಲೋ ಸೀಟಿನ ಮೇಲೆ ಬೀಳುತ್ತದೆ. ಮರದ ಕೆಳಗೆ ನಿಲ್ಲುವ ನಮ್ಮ ಕಾರುಗಳಲ್ಲಿ ಎಲೆ, ಹೂವಿನ ಪುಡಿ, ಪಾಚಿಗಳಿಂದ ಇದು ಬೇಗ ಆಗುತ್ತದೆ.

ಪರೀಕ್ಷೆ ಸುಲಭ. ಸನ್‌ರೂಫ್ ತೆರೆದು ತಟ್ಟೆಯನ್ನು ಒರೆಸಿ, ಮುಂದಿನ ಮೂಲೆಗೆ ಒಂದು ಲೋಟ ನೀರನ್ನು ಮೆಲ್ಲಗೆ ಹೊಯ್ಯಿರಿ. ಸ್ವಲ್ಪ ಹೊತ್ತಿನಲ್ಲಿ ಅದು ಅದೇ ಬದಿಯ ಮುಂಬಾಗಿಲಿನ ಹಿಂಜಿನ ಬಳಿ ಅಥವಾ ಚಕ್ರದ ಬಳಿ ಕೆಳಗೆ ಬೀಳಬೇಕು. ಬೀಳದೆ ಅಲ್ಲೇ ನಿಂತರೆ ಕೊಳವೆ ಕಟ್ಟಿದೆ. ವೀಡ್ ಕಟರಿಗೆ ಹಾಕುವ ನೈಲಾನ್ ದಾರ ನಮ್ಮಲ್ಲಿ ಅನೇಕರ ಮನೆಯಲ್ಲಿದೆ. ಅದರ ತುದಿಯನ್ನು ಉಜ್ಜಿ ದುಂಡಗೆ ಮಾಡಿ, ಮೇಲಿನಿಂದ ಮೆಲ್ಲಗೆ ತೂರಿಸಿ ಆಡಿಸಿ, ಮತ್ತೆ ನೀರು ಹೊಯ್ದು ನೋಡಿ. ಕಬ್ಬಿಣದ ತಂತಿ ಕೊಳವೆಯನ್ನು ತೂತು ಮಾಡುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯನ್ನು ಜೋರಾಗಿ ಬಿಟ್ಟರೆ ಕೊಳವೆ ತನ್ನ ಜಾಗದಿಂದ ಕಳಚಿಕೊಳ್ಳುತ್ತದೆ. ಆಮೇಲೆ ಮಾಡಿನ ಒಳಹೊದಿಕೆಯನ್ನೇ ಇಳಿಸಬೇಕಾದೀತು. ಎರಡೂ ಬೇಡ.

ಸೋರುತ್ತದೆಂದು ಅಂಚಿಗೆಲ್ಲ ಅಂಟು ಬಳಿಯುವುದೂ ಪರಿಹಾರವಲ್ಲ. ಒಂದು ಕಡೆ ಸಂದು ಉಳಿದರೂ ನೀರು ಒಳಸೇರಿ, ಹೊರಹೋಗಲಾರದೆ, ಕಾಣದ ಕಡೆ ತುಕ್ಕು ಮಾಡುತ್ತದೆ. ಕಾರಿನೊಳಗೆ ಈಗಾಗಲೇ ನೀರು ಬಿದ್ದಿದ್ದರೆ ಮೇಲಿನ ಮ್ಯಾಟು ಒಣಗಿಸಿದರೆ ಸಾಲದು. ಕಾರ್ಪೆಟ್ಟಿನ ಅಡಿಯ ಸ್ಪಂಜು ವಾರಗಟ್ಟಲೆ ನೀರನ್ನು ಹಿಡಿದಿಡುತ್ತದೆ, ವೈರುಗಳೂ ಅದರ ಕೆಳಗೇ ಹಾದುಹೋಗಿರುತ್ತವೆ. ಅದನ್ನು ಎಬ್ಬಿಸಿಯೇ ಒಣಗಿಸಬೇಕು.

ಜಾರುವ ಹಳಿಗಳಲ್ಲಿ ಕಪ್ಪಾದ ಹಳೆಯ ಗ್ರೀಸನ್ನು ಒರೆಸಿ, ಕಂಪೆನಿ ಹೇಳಿದ ಗ್ರೀಸನ್ನು ತೆಳುವಾಗಿ ಹಚ್ಚಿ. ಒಂದು ಬದಿ ಮುಂದೆ, ಒಂದು ಬದಿ ಹಿಂದೆ ಆಗಿ ಓರೆಯಾಗಿ ನಿಂತಿದ್ದರೆ ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತಬೇಡಿ. ಒಳಗಿನ ತಂತಿಯ ಹಲ್ಲು ಜಿಗಿದಿರುತ್ತದೆ, ಅದನ್ನು ತಿಳಿದವರೇ ಕೂರಿಸಬೇಕು. ಮೋಟಾರು ಓಡದೆ ತೆರೆದೇ ಉಳಿದರೆ, ಅನೇಕ ಹಳೆಯ ಮಾದರಿಗಳಲ್ಲಿ ಮಾಡಿನ ದೀಪದ ಚೌಕಟ್ಟಿನ ಹಿಂದೆ ಅಲೆನ್ ಕೀ ಹಾಕಿ ಕೈಯಿಂದಲೇ ತಿರುಗಿಸಿ ಮುಚ್ಚುವ ಏರ್ಪಾಡಿದೆ. ಆ ಕೀಲಿಯನ್ನು ಕಾರಿನಲ್ಲೇ ಇಟ್ಟುಕೊಳ್ಳಿ.

ದಾರಿಯಲ್ಲಿ ಗಾಜು ನಿಂತರೆ

ಇಂಜಿನ್ನು ಚಾಲೂ ಇಟ್ಟು ಒಬ್ಬರು ಸ್ವಿಚ್ಚನ್ನು ಏರುವ ಕಡೆಗೆ ಒತ್ತಲಿ. ಇನ್ನೊಬ್ಬರು ಎರಡು ಅಂಗೈಗಳ ನಡುವೆ ಗಾಜನ್ನು ಒತ್ತಿಹಿಡಿದು ಮೇಲಕ್ಕೆ ನೂಕಲಿ. ಬೆರಳುಗಳು ಮೇಲಂಚಿನಲ್ಲಿರಬಾರದು. ಏರದಿದ್ದರೆ ಸ್ವಿಚ್ಚು ಒತ್ತಿಕೊಂಡೇ ಬಾಗಿಲಿನ ಪ್ಯಾಡಿಗೆ ಮುಷ್ಟಿಯಿಂದ ಗುದ್ದಿ ನೋಡಿ. ಅಂಟಿಕೊಂಡ ಮೋಟಾರು ಕೆಲವೊಮ್ಮೆ ಒಂದು ಸಲಕ್ಕೆ ಓಡುತ್ತದೆ. ಹಾಗೆ ಏರಿದ ಗಾಜನ್ನು ರಿಪೇರಿಯಾಗುವ ತನಕ ಮತ್ತೆ ಇಳಿಸಬಾರದು.

ಜೀವಕ್ಕೆ ಸಂಬಂಧಿಸಿದ ಮಾತು

ಕಿಟಕಿಯ ರಿಪೇರಿ ಕೇವಲ ಅನುಕೂಲದ ಪ್ರಶ್ನೆಯಲ್ಲ. ಹಳೆಯ ಕಾರುಗಳ ಅನೇಕ ಕಿಟಕಿಗಳಿಗೆ ಅಡ್ಡ ಸಿಕ್ಕಿದ ವಸ್ತುವನ್ನು ತಿಳಿದು ಹಿಂದೆ ಸರಿಯುವ ಶಕ್ತಿಯಿಲ್ಲ. ತಲೆ ಹೊರಗೆ ಹಾಕಿದ ಮಗುವಿನ ಮೊಣಕಾಲು ಸ್ವಿಚ್ಚಿಗೆ ತಗುಲಿದರೂ ಗಾಜು ಕತ್ತಿಗೆ ಏರಬಲ್ಲದು. ಹಿಂದೆ ಮಕ್ಕಳಿದ್ದಾಗ ಲಾಕ್ ಬಟನ್ ಒತ್ತಿಡಿ. ಇಳಿಯುವಾಗ, ಒಂದು ನಿಮಿಷಕ್ಕಾದರೂ ಸರಿ, ಕೀಲಿಯನ್ನು ಕೈಗೆ ತೆಗೆದುಕೊಳ್ಳಿ.

ಇನ್ನೊಂದು ನೀರಿನ ಅಪಾಯ. ಹಳ್ಳದ ನೀರು ರಸ್ತೆಯ ಮೇಲೆ ಹರಿಯುವಾಗ ಕಾರನ್ನು ಇಳಿಸಲೇಬಾರದು. ಆದರೂ ಕಾರು ನೀರಿಗೆ ಬಿದ್ದರೆ ಹೊರಗಿನ ಒತ್ತಡದಿಂದ ಬಾಗಿಲು ತೆರೆಯುವುದಿಲ್ಲ, ಕಿಟಕಿಯೇ ದಾರಿ. ತಕ್ಷಣ ಸೀಟ್ ಬೆಲ್ಟ್ ಬಿಚ್ಚಿ, ನೀರು ಗಾಜಿನ ಮಟ್ಟಕ್ಕೆ ಬರುವ ಮೊದಲೇ ಗಾಜನ್ನು ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಕಳಿಸಿ ತಾವೂ ಹೊರಬೀಳಬೇಕು. ಆ ಕೆಲವು ಕ್ಷಣಗಳಲ್ಲಿ ಒಂದೇ ಒತ್ತಿಗೆ ಇಳಿಯುವ ಕಿಟಕಿಗೂ ಮೊಂಡು ಹಿಡಿದ ಕಿಟಕಿಗೂ ಇರುವ ವ್ಯತ್ಯಾಸವೆಷ್ಟೆಂದು ಹೇಳಬೇಕಾಗಿಲ್ಲ. ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಚೂಪಾದ ಸುತ್ತಿಗೆಯಿಂದ ಹೊಡೆಯಬೇಕು. ಮುಂದಿನ ದೊಡ್ಡ ಗಾಜು ಹಾಗೆ ಪುಡಿಯಾಗುವುದಿಲ್ಲ. ಅಂಥ ಸಣ್ಣ ಸುತ್ತಿಗೆಯೊಂದು ಡ್ರೈವರಿನ ಕೈಗೆಟಕುವಲ್ಲಿ ಇರಲಿ.

ಯಾವಾಗ ಮಾಡಬೇಕು?

ಕೊಳೆ ಬಂದ ಮೇಲೆ ಔಷಧಿ ಹೊಡೆದರೆ ಫಲವಿಲ್ಲವೆಂದು ಮಳೆ ಹಿಡಿಯುವ ಮೊದಲೇ ನಾವು ಬೋರ್ಡೋ ಹೊಡೆಸುತ್ತೇವೆ. ಕಾರಿನ ಕಿಟಕಿಗೂ ಅದೇ ನಿಯಮ. ತೋಟಕ್ಕೆ ಮೊದಲ ಔಷಧಿಯಾಗುವ ವಾರದಲ್ಲೇ ಒಂದು ಮಧ್ಯಾಹ್ನವನ್ನು ಇದಕ್ಕೆ ಎತ್ತಿಡಿ: ರಬ್ಬರು ಒರೆಸಿ ಸಿಲಿಕಾನ್ ಹೊಡೆಯುವುದು, ಸ್ವಿಚ್ಚು ಶುದ್ಧಿ ಮಾಡುವುದು, ಬಾಗಿಲಿನ ರಂಧ್ರ ತೆಗೆಯುವುದು, ಸನ್‌ರೂಫಿಗೆ ಒಂದು ಲೋಟ ನೀರು ಹೊಯ್ದು ನೋಡುವುದು. ಎರಡನೆಯ ಔಷಧಿಯ ಹೊತ್ತಿಗೆ ಬಸಿಯುವ ಕೊಳವೆಗಳನ್ನು ಇನ್ನೊಮ್ಮೆ ಪರೀಕ್ಷಿಸಿ. ಟೆಸ್ಟ್ ಲ್ಯಾಂಪು, ವೋಲ್ಟ್ ಮೀಟರು, ಕಾಂಟ್ಯಾಕ್ಟ್ ಕ್ಲೀನರುಗಳನ್ನು ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಕೊಂಡಿಟ್ಟುಕೊಂಡರೆ ಖರ್ಚೂ ಹಗುರ, ಕೆಲಸವೂ ಹಗುರ.